ನಂದಿದುರ್ಗ: ಕೋಟೆಯೂ ನೀರೂ

ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರ್ ದೂರಕ್ಕೆ, ಸಮುದ್ರಮಟ್ಟದಿಂದ 4,851 ಅಡಿ ಎತ್ತರವಾಗಿ ನಿಂತಿರುವ ನಂದಿದುರ್ಗವನ್ನು ಅರಿಯದವರು ನಮ್ಮಲ್ಲಿ ವಿರಳ. ಅರುಣೋದಯವನ್ನು ನೋಡಲೆಂದು ಬಹುಮಂದಿ ಮೋಟಾರು ರಸ್ತೆಯಿಂದಲೂ, ಕಾಲಿನಲ್ಲಿ ಕಸುವುಳ್ಳವರು ಸುಲ್ತಾನಪೇಟೆಯ ಕಡೆಯ ಮೆಟ್ಟಿಲುಗಳಿಂದಲೂ ಅದನ್ನು ಏರುವರು. ಏರಿದವರ ಕಣ್ಣಿಗೆ ಮೊದಲು ಬೀಳುವುದು ಕೋಟೆ. ಆದುದರಿಂದ ಈ ಬೆಟ್ಟದ ಚರಿತ್ರೆಯೆಂದರೆ ಕೋಟೆಯ ಚರಿತ್ರೆಯೇ ಎಂಬ ಭಾವನೆ ನಮ್ಮಲ್ಲಿ ನೆಲೆಗೊಂಡಿದೆ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸೋಣ.

ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರಾಲಿಯೂ ಟಿಪ್ಪುಸುಲ್ತಾನನೂ ವಿಸ್ತರಿಸಿ ಬಲಪಡಿಸಿದರು. ಬೆಟ್ಟದ ಮೂರು ಪಾರ್ಶ್ವಗಳು ಕಡಿದಾದ ಬಂಡೆ. ಶತ್ರುವು ಹತ್ತಬಹುದಾದ ಕಡೆ ಒಂದೇ, ಅಲ್ಲಿಯೂ ಭದ್ರವಾದ ಗೋಡೆ. ಇಂತಹ ದುರ್ಗವು ಅಭೇದ್ಯವೆಂದು ಜನ ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಮೂರನೆಯ ಮೈಸೂರು ಯುದ್ಧದಲ್ಲಿ, ಬೆಂಗಳೂರು ಕಾರ್ನ್‌ವಾಲಿಸನ ವಶವಾದ ವರ್ಷದಲ್ಲಿಯೇ, ಮೇಜರ್ ಗೌಡಿಯ ಸೇನೆಯು ಇದನ್ನು ಮುತ್ತಿತು. ಫಿರಂಗಿಗಳನ್ನು ಇಳಿಜಾರಿನ ಮೇಲಕ್ಕೆ ಎಳೆದು, ಗೋಡೆಯನ್ನು ಒಡೆದು, ರಾತ್ರಿಯಲ್ಲಿ ಲಗ್ಗೆ ಹತ್ತಿ, 1791ನೆಯ ಅಕ್ಟೋಬರ್ 19ರಂದು ದುರ್ಗವನ್ನು ಹಿಡಿದರು. ಮುತ್ತಿಗೆಯು ನಡೆದುದು ಸುಮಾರು ಮೂರು ವಾರ ಮಾತ್ರ. ತರುವಾಯ ಕಬ್ಬನ್ ಸಾಹೇಬನ ಕಾಲದಲ್ಲಿ ಅದು ಬೇಸಗೆಯ ವಿಶ್ರಾಂತಿಧಾಮವಾಯಿತು. 1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ಅಲ್ಲಿ ತಂಗಿದ್ದರು.

ಕೋಟೆಗಿಂತ ಹಿರಿದಾದ ಚರಿತ್ರೆಯು ಬೆಟ್ಟದ ಬುಡದಲ್ಲಿದೆ. ನಂದಿಗ್ರಾಮದ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದಷ್ಟು ಹಿಂದಿನದು. ಅನೇಕ ರಾಜವಂಶಗಳು ಬಂದು ಹೋದರೂ, ಪ್ರತಿಯೊಂದೂ ಅದಕ್ಕೆ ತನ್ನದೊಂದು ಭಾಗವನ್ನು ಕೂಡಿಸಿತೇ ಹೊರತು ಕೆಡವಲಿಲ್ಲ. ಅಲ್ಲಿಯ ವಿಶಾಲವಾದ ಪುಷ್ಕರಿಣಿಯೂ ಬೆಟ್ಟದ ಮೇಲಿನ ಅಮೃತ ಸರೋವರವೂ ನಮ್ಮ ಹಿರಿಯರು ಈ ಗಿರಿಯಲ್ಲಿ ಕಂಡ ನಿಜವಾದ ಸಂಪತ್ತು ಯಾವುದೆಂಬುದನ್ನು ಸೂಚಿಸುತ್ತವೆ. ಅದೇ ನೀರು.

ಈ ಗಿರಿಶ್ರೇಣಿಯಲ್ಲಿ ಅರ್ಕಾವತಿಯೂ ಉತ್ತರ ದಕ್ಷಿಣ ಪಿನಾಕಿನಿಗಳೂ ಹುಟ್ಟುತ್ತವೆ. ಅರ್ಕಾವತಿಗೆ 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯನ್ನೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ ನಿರ್ಮಿಸಿ ಬೆಂಗಳೂರಿಗೆ ಕುಡಿಯುವ ನೀರನ್ನು ತಂದರು. 1974ರಲ್ಲಿ ಕಾವೇರಿಯ ನೀರು ಬರುವ ತನಕ ಮಹಾನಗರದ ಬಾಯಾರಿಕೆಯನ್ನು ತಣಿಸಿದುದು ಬಹುಮಟ್ಟಿಗೆ ಈ ನದಿಯೇ. ಇಂದು ಆ ಹೊಳೆಯ ಪಾತ್ರವು ವರ್ಷದ ಹೆಚ್ಚು ಕಾಲ ಒಣಗಿರುತ್ತದೆ. ಸಾವಿರಾರು ಕೊಳವೆಬಾವಿಗಳು ಅಂತರ್ಜಲವನ್ನು ಹೀರಿವೆ. ನೀಲಗಿರಿಯ ತೋಪುಗಳು ಹಬ್ಬಿವೆ. ಹಳೆಯ ಕಾಲುವೆಗಳು ಮುಚ್ಚಿಹೋಗಿವೆ.

ಕೋಟೆಯು ಫಿರಂಗಿಗೆ ಮಣಿದುದನ್ನು ನಾವು ಪಾಠಪುಸ್ತಕಗಳಲ್ಲಿ ಓದುತ್ತೇವೆ. ಹೊಳೆಯು ನಮ್ಮ ಅಲಕ್ಷ್ಯಕ್ಕೆ ಮಣಿಯುತ್ತಿರುವುದನ್ನು ಬರೆಯುವವರು ಕಡಮೆ. ಬಿದ್ದ ಗೋಡೆಯನ್ನು ಕಲ್ಲು ಗಾರೆಗಳಿಂದ ಮತ್ತೆ ಎಬ್ಬಿಸಬಹುದು. ಬತ್ತಿದ ನದಿಯನ್ನು ಮತ್ತೆ ಹರಿಸಬೇಕಾದರೆ ಬೆಟ್ಟದ ಸುತ್ತಣ ಕೆರೆ, ಕಾಲುವೆ, ಕಾಡುಗಳೆಲ್ಲವನ್ನೂ ಒಟ್ಟಿಗೆ ಉಳಿಸಬೇಕು. ನಂದಿಯನ್ನು ಏರುವವರು ಸೂರ್ಯೋದಯವನ್ನು ನೋಡಿದ ಬಳಿಕ ಒಂದು ಕ್ಷಣ ಕೆಳಗಿನ ಕೆರೆಗಳತ್ತಲೂ ದೃಷ್ಟಿ ಹರಿಸಲಿ. ಈ ಬೆಟ್ಟದ ಚರಿತ್ರೆಯಲ್ಲಿ ಇನ್ನೂ ಮುಗಿಯದ ಅಧ್ಯಾಯವು ಅಲ್ಲಿದೆ.