ಗೆಡ್ಡೆ ಕೊಲ್ಲುವ ಉರಿ, ಗೆಡ್ಡೆ ಸಾಕುವ ಉರಿ

ನಮ್ಮಲ್ಲಿ ಬಹಳ ಜನರ ಎಡತೋಳಿನ ಮೇಲೆ ಒಂದು ಪುಟ್ಟ ಕಲೆ ಇರುತ್ತೆ. ಕ್ಷಯ ಬಾರದಿರಲಿ ಅಂತ ಹಾಕಿಸಿದ ಬಿಸಿಜಿ ಲಸಿಕೆಯದು. ಇದೇ ಬಿಸಿಜಿಗೆ ಕ್ಯಾನ್ಸರ್ ಚರಿತ್ರೆಯಲ್ಲೂ ಒಂದು ಜಾಗ ಇದೆ ಅಂದ್ರೆ ನಂಬ್ತೀರಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ೧೮೬೩ರಲ್ಲಿ ಜರ್ಮನಿಯ ರುಡಾಲ್ಫ್ ಫಿರ್ಕೋ ಗೆಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಕಂಡು, ಬಹುಕಾಲದ ಉರಿಯೂತದಿಂದ ಕ್ಯಾನ್ಸರ್ ಹುಟ್ಟಬಹುದು ಅಂದರು. ೧೮೯೧ರಲ್ಲಿ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಹಿಡಿದದ್ದು ಉಲ್ಟಾ ದಾರಿ. ಕ್ಯಾನ್ಸರ್ ರೋಗಿಗೆ ಬೇಕಂತಲೇ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿದರು! ಅವರ ಕೆಲವು ರೋಗಿಗಳಲ್ಲಿ ಗೆಡ್ಡೆ ಕರಗಿತು. ಒಬ್ಬರು ಉರಿಯನ್ನು ಅನುಮಾನಿಸಿದರು, ಇನ್ನೊಬ್ಬರು ಉರಿ ಹಚ್ಚಿದರು. ಯಾರು ಸರಿ?

ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಬಹುಪಾಲು ಇಲಿಗಳು. ಬಿಸಿಜಿ ಕೊಟ್ಟ ಇಲಿಗಳು ಕಸಿ ಮಾಡಿದ ಗೆಡ್ಡೆಯನ್ನು ತಡೆದುಕೊಳ್ಳುತ್ತವೆ ಅಂತ ೧೯೫೯ರಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ತೋರಿಸಿದರು. ೧೯೭೫ರಲ್ಲಿ ಎಲಿಜಬೆತ್ ಕಾರ್ಸ್‌ವೆಲ್, ಓಲ್ಡ್ ಮತ್ತಿತರರು ಬಿಸಿಜಿ ಕೊಟ್ಟ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷವನ್ನೂ ಚುಚ್ಚಿ, ಅವುಗಳ ಸೀರಮ್ಮನ್ನು ಗೆಡ್ಡೆಯಿದ್ದ ಬೇರೆ ಇಲಿಗಳಿಗೆ ಕೊಟ್ಟರು. ಗೆಡ್ಡೆಯ ಒಳಭಾಗ ಸತ್ತುಹೋಯಿತು. ಆ ಸೀರಮ್ಮಿನಲ್ಲಿದ್ದ ವಸ್ತುವಿಗೆ 'ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್' ಅಂತ ಹೆಸರಾಯ್ತು, ಅಂದರೆ ಗೆಡ್ಡೆ ಸಾಯಿಸುವಂಥದ್ದು. ೧೯೯೦ರಲ್ಲಿ ಅಮೆರಿಕ ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಚಿಕಿತ್ಸೆಯನ್ನು ಒಪ್ಪಿತು.

ಹಾಗಾದರೆ ಕೋಲಿ ಗೆದ್ದರಾ? ಇಲ್ಲ :-) ಕರುಳಿನಲ್ಲಿ ಗಂಟು ಬೆಳೆಯುವ ಇಲಿಗಳಲ್ಲಿ ಉರಿಯೂತ ತರುವ ಕಾಕ್ಸ್-೨ ಕಿಣ್ವದ ಜೀನ್ ತೆಗೆದಾಗ ಗಂಟುಗಳು ಬಹಳ ಕಡಿಮೆಯಾದವು. ಅದನ್ನು ತಡೆಯುವ ಔಷಧಿಯಿಂದಲೂ ಕಡಿಮೆಯಾದವು. ಇದು ೧೯೯೬ರಲ್ಲಿ ಜಪಾನಿನ ಒಶಿಮಾ, ಟಕೆಟೊ ತಂಡ ಕಂಡದ್ದು. ೧೯೯೯ರಲ್ಲಂತೂ ಇನ್ನೂ ವಿಚಿತ್ರ! ಆ 'ಗೆಡ್ಡೆ ಸಾಯಿಸುವ' ವಸ್ತುವೇ ಇಲ್ಲದ ಇಲಿಗಳ ಚರ್ಮಕ್ಕೆ ಕ್ಯಾನ್ಸರ್ ತರುವ ರಾಸಾಯನಿಕ ಹಚ್ಚಿದರೆ, ಅವಕ್ಕೆ ಮಾಮೂಲಿ ಇಲಿಗಳಿಗಿಂತ ತೀರಾ ಕಮ್ಮಿ ಗೆಡ್ಡೆಗಳು ಬಂದವು. ವೇರಿಯಬಲ್‌ಗೆ ಅವಸರದಲ್ಲಿ ಹೆಸರಿಟ್ಟರೆ ಮುಂದೆ ಕೋಡ್ ಓದುವವರ ಗತಿ ಏನಾಗುತ್ತೆ ಅಂತ ನಮ್ಮ ಫೀಲ್ಡಿನವರಿಗೆ ಹೇಳಬೇಕಿಲ್ಲ.

ಇಬ್ಬರೂ ಸರಿ ಅನ್ನೋದೇ ಇದರ ತಾತ್ಪರ್ಯ. ಒಮ್ಮೆಲೇ ಧಗ್ಗನೆ ಉರಿದರೆ ಗೆಡ್ಡೆ ಸಾಯಬಹುದು. ವರ್ಷಗಟ್ಟಲೆ ಹೊಟ್ಟಿನ ಕೆಂಡದ ಹಾಗೆ ಒಳಗೊಳಗೇ ಉರಿದರೆ ಅದೇ ಗೆಡ್ಡೆಯನ್ನು ಸಾಕಬಹುದು. ಹಾಗಂತ ಉರಿ ಆರಿಸುವ ಮಾತ್ರೆ ದಿನಾ ನುಂಗೋಣವೇ? ಕಾಕ್ಸ್-೨ ತಡೆಯುವ ರೋಫೆಕಾಕ್ಸಿಬ್ ಕರುಳಿನ ಗಂಟು ತಡೆಯುತ್ತದೆಯೇ ಅಂತ ಪರೀಕ್ಷಿಸುವಾಗ ಹೃದಯಾಘಾತಗಳು ಹೆಚ್ಚಿದ್ದು ಕಂಡು, ೨೦೦೪ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ತೆಗೆದರು.

'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ' ಅನ್ನೋ ಪುಡಿ, ಕಷಾಯದ ಜಾಹೀರಾತು ಇನ್ನೊಮ್ಮೆ ಕಂಡಾಗ ಕೇಳಿ ನೋಡಿ: ಯಾವ ಶಕ್ತಿ? ಎಷ್ಟು? ಎಷ್ಟು ದಿನ?

ನಿಮಗೇನನ್ನಿಸುತ್ತೆ?