ಟಲ್ಸಾ ನಗರದ ತೀರದ ಋಣ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಓಕ್ಲಹೋಮಾ ಪ್ರಾಂತದಲ್ಲಿ, ಕಲ್ಲೆಣ್ಣೆಯ ಬಾವಿಗಳಿಂದ ಸಿರಿವಂತವಾದ ಟಲ್ಸಾ ಎಂಬ ನಗರವುಂಟು. ಅಲ್ಲಿಯ ಕರಿಯ ಜನರು ಬಿಳಿಯರ ನೆರೆಯಲ್ಲಿ ವಾಸಿಸಲು ಎಡೆಯಿಲ್ಲದೆ, ರೈಲುಹಾದಿಯ ಆಚೆಗೆ ಗ್ರೀನ್‌ವುಡ್ ಎಂಬ ತಮ್ಮದೇ ಪೇಟೆಯನ್ನು ಕಟ್ಟಿಕೊಂಡಿದ್ದರು. ದಾಸ್ಯವಿಮೋಚನೆಯಾಗಿ ಅರುವತ್ತು ವರ್ಷಗಳೂ ತುಂಬಿರಲಿಲ್ಲ. ಅಷ್ಟರಲ್ಲಿಯೇ ದಾಸರ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ವೈದ್ಯರೂ ವಕೀಲರೂ ವರ್ತಕರೂ ಆಗಿದ್ದರು. ಅವರಿಗೆ ಸ್ವಂತದ ಚಿತ್ರಮಂದಿರವಿದ್ದಿತು, ಪತ್ರಿಕೆಯಿದ್ದಿತು, ಆಸ್ಪತ್ರೆಯಿದ್ದಿತು.

1921ನೆಯ ಮೇ 30ರಂದು ಡಿಕ್ ರೋಲೆಂಡನೆಂಬ ಬೂಟು ಪಾಲಿಷು ಮಾಡುವ ಹುಡುಗನು ಲಿಫ್ಟಿನಲ್ಲಿ ಬಿಳಿಯ ಹುಡುಗಿಯೊಬ್ಬಳ ಮೈಮೇಲೆ ಕೈಮಾಡಿದನೆಂದು ಸುದ್ದಿ ಹುಟ್ಟಿತು. ಮರುದಿನ ಪತ್ರಿಕೆಯೊಂದು ಅದನ್ನು ಹಬ್ಬಿಸಿತು. ಆಪಾದಿತನನ್ನು ಗುಂಪು ಎಳೆದೊಯ್ದು ನೇಣಿಗೆ ಹಾಕುವುದು ಆ ಸೀಮೆಯಲ್ಲಿ ಅಪೂರ್ವವಲ್ಲದ್ದರಿಂದ, ಯೂರೋಪಿನ ಮಹಾಯುದ್ಧದಿಂದ ಹಿಂದಿರುಗಿದ್ದ ಯೋಧರೂ ಸೇರಿದಂತೆ ಕೆಲವು ಕರಿಯರು ಅವನನ್ನು ಕಾಯಲು ಆಯುಧಪಾಣಿಗಳಾಗಿ ನ್ಯಾಯಸ್ಥಾನಕ್ಕೆ ಬಂದರು. ಗುಂಡು ಹಾರಿತು. ಅಧಿಕಾರಿಗಳು ಬಿಳಿಯ ಗುಂಪಿನವರಿಗೇ ಪೊಲೀಸರ ಅಧಿಕಾರವನ್ನೂ ಆಯುಧಗಳನ್ನೂ ಕೊಟ್ಟರು. ಜೂನ್ 1ರ ಬೆಳಗಿನಲ್ಲಿ ಗ್ರೀನ್‌ವುಡ್ ಉರಿಯಿತು. ಪ್ರಸಿದ್ಧ ಶಸ್ತ್ರವೈದ್ಯ ಜಾಕ್ಸನ್ ಕೈಗಳನ್ನೆತ್ತಿಕೊಂಡು ಮನೆಯಿಂದ ಹೊರಬಂದಾಗ ಗುಂಡಿಗೆ ಬಲಿಯಾದನು. ಸುಟ್ಟ ಮನೆಗಳು 1,256. ಸತ್ತವರು 36 ಮಂದಿಯೆಂದು ಸರ್ಕಾರದ ಲೆಕ್ಕ. ಇತಿಹಾಸಜ್ಞರು 300ರ ವರೆಗೂ ಎಣಿಸುವರು. ಬಾಲಕನ ಮೇಲಿನ ಆಪಾದನೆಯಾದರೋ ಕೆಲವು ತಿಂಗಳಲ್ಲಿ ಬಿದ್ದುಹೋಯಿತು.

ಇದಕ್ಕೆ "ಗಲಭೆ" ಎಂದು ಹೆಸರಿಟ್ಟರು. ಈ ಹೆಸರು ಬರಿಯ ಶಬ್ದವಾಗಿರಲಿಲ್ಲ. ಗಲಭೆಯಿಂದಾದ ನಷ್ಟಕ್ಕೆ ಹೊಣೆಯಿಲ್ಲವೆಂಬ ಷರತ್ತನ್ನು ತೋರಿಸಿ ವಿಮಾ ಕಂಪೆನಿಗಳು ಹಣ ಕೊಡಲು ಒಪ್ಪಲಿಲ್ಲ. ಗಲಭೆಗೆ ಕರಿಯರೇ ಕಾರಣರೆಂದು ಪಂಚಾಯತರ ಮಂಡಲಿಯೊಂದು ನಿರ್ಣಯಿಸಿತು. ನಗರದ ಮುಂದೆ ಬಂದ 18 ಲಕ್ಷ ಡಾಲರುಗಳಿಗೂ ಮೇಲ್ಪಟ್ಟ ನಷ್ಟದ ಕೋರಿಕೆಗಳಲ್ಲಿ, ತನ್ನ ಅಂಗಡಿಯ ಬಂದೂಕುಗಳು ಹೋದುವೆಂದ ಬಿಳಿಯ ವರ್ತಕನೊಬ್ಬನಿಗೆ ಮಾತ್ರ ಹಣ ದೊರೆಯಿತು! ಕಳ್ಳರು ಒಯ್ದ ಪ್ರಜೆಯ ಸೊತ್ತನ್ನು ಮರಳಿಸಲಾಗದಿದ್ದರೆ ಅರಸನು ಅದನ್ನು ತನ್ನ ಬೊಕ್ಕಸದಿಂದಲೇ ಕೊಡತಕ್ಕದ್ದೆಂದು ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ್ದಾನೆ. ಟಲ್ಸಾದಲ್ಲಿ ಸುಲಿದವರ ಕೈಗೆ ಅಧಿಕಾರವನ್ನು ಕೊಟ್ಟವರೇ ಅಧಿಕಾರಿಗಳು.

ಆ ಮೇಲೆ ಬಹುಕಾಲ ಮೌನ. ಓಕ್ಲಹೋಮಾ ಶಾಸಕಸಭೆಯು ನೇಮಿಸಿದ ಆಯೋಗವು 2001ರಲ್ಲಿ ಬದುಕುಳಿದವರಿಗೆ ಪರಿಹಾರ ಕೊಡಬೇಕೆಂದು ಹೇಳಿತು. ಸಂಸ್ಥಾನವು ಅವರಿಗೆ ಕೊಟ್ಟುದು ಚಿನ್ನದ ಮುಲಾಮಿನ ಪದಕಗಳನ್ನು. ಪದಕದಿಂದ ಮನೆ ಏಳುವುದೆ? ಹಣವನ್ನು ಕೊಡಲಾಗದ ಕಾರ್ಯವೆಂದೂ ಹೇಳುವಂತಿಲ್ಲ. ಫ್ಲಾರಿಡಾ ಸಂಸ್ಥಾನವು, 1923ರಲ್ಲಿ ಹಾಳಾದ ರೋಸ್‌ವುಡ್ ಗ್ರಾಮದಿಂದ ಬದುಕುಳಿದವರಿಗೆ ತಲಾ 1,50,000 ಡಾಲರುಗಳನ್ನು ಕೊಡಲು 1994ರಲ್ಲಿಯೇ ಶಾಸನ ಮಾಡಿದ್ದಿತು.

2003ರಲ್ಲಿ ಹೂಡಿದ ದಾವೆಯು ಅವಧಿ ಮೀರಿತೆಂಬ ಕಾರಣದಿಂದ ವಜಾ ಆಯಿತು. 2020ರಲ್ಲಿ ಮತ್ತೊಂದು ದಾವೆಯನ್ನು ಹೂಡಿದರು. ಅದರಲ್ಲಿ ವಯೋಲಾ ಫ್ಲೆಚರ್, ಆಕೆಯ ತಮ್ಮ ಹ್ಯೂಸ್ ವ್ಯಾನ್ ಎಲ್ಲಿಸ್, ಲೆಸೀ ರ್ಯಾಂಡಲ್ ಎಂಬ ಮೂವರು ನೂರರ ಸಮೀಪದ ಅಥವಾ ನೂರು ದಾಟಿದ ವೃದ್ಧರು ಫಿರ್ಯಾದಿಗಳಾದರು. ಘಟನೆಯ ಕಾಲಕ್ಕೆ ವ್ಯಾನ್ ಎಲ್ಲಿಸ್ ಕೈಗೂಸು. ದೊಡ್ಡವನಾದ ಮೇಲೆ ಅವನು ತನ್ನ ದೇಶದ ಪರವಾಗಿ ಬರ್ಮಾದ ರಣರಂಗದಲ್ಲಿ ಸೇವೆ ಮಾಡಿದವನು. ಫ್ಲೆಚರ್ ಏಳು ವರ್ಷದ ಬಾಲೆ. ನಾಲ್ಕನೆಯ ತರಗತಿಗೇ ಓದು ನಿಂತುಹೋಗಿ, ಬಾಳಿನ ಬಹುಭಾಗವನ್ನು ಬಿಳಿಯರ ಮನೆಗಳಲ್ಲಿ ಚಾಕರಿ ಮಾಡಿ ಕಳೆದ ಆಕೆ, 2021ರಲ್ಲಿ ತನ್ನ 107ನೆಯ ವಯಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಬೀದಿಯಲ್ಲಿ ಬಿದ್ದ ಹೆಣಗಳನ್ನೂ ಹೊಗೆಯ ವಾಸನೆಯನ್ನೂ ಕಾಂಗ್ರೆಸ್ಸಿನ ಸದಸ್ಯರ ಮುಂದೆ ನೆನೆದಳು.

ವ್ಯಾನ್ ಎಲ್ಲಿಸ್ 2023ರಲ್ಲಿ ತೀರಿಕೊಂಡನು. 2024ರ ಜೂನ್ ತಿಂಗಳಲ್ಲಿ ಓಕ್ಲಹೋಮಾದ ಶ್ರೇಷ್ಠ ನ್ಯಾಯಸ್ಥಾನವು, ಇವರ ದುಃಖವು ನ್ಯಾಯವಾದುದೇ ಆದರೂ ಕಾನೂನಿನಲ್ಲಿ ಅದಕ್ಕೆ ದಾರಿಯಿಲ್ಲವೆಂದು ದಾವೆಯನ್ನು ತಳ್ಳಿಹಾಕಿತು. ಮುಂದಿನ ವರ್ಷ ನಗರದ ಮೇಯರು 10.5 ಕೋಟಿ ಡಾಲರುಗಳ ನಿಧಿಯ ಯೋಜನೆಯನ್ನು ಸಾರಿದನು. ವಸತಿಗಳಿಗೂ ಪೇಟೆಯ ಉದ್ಧಾರಕ್ಕೂ ಅದರಲ್ಲಿ ಹಣವಿದ್ದಿತು, ಬದುಕುಳಿದವರ ಕೈಗೆ ನೇರವಾಗಿ ಕೊಡುವ ಹಣವಿರಲಿಲ್ಲ. 2025ರ ನವೆಂಬರಿನಲ್ಲಿ ಫ್ಲೆಚರ್ 111ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು. ದಾವೆ ಹೂಡಿದ ಮೂವರಲ್ಲಿ ಅಂದಿಗೆ ಉಳಿದವಳು ರ್ಯಾಂಡಲ್ ಒಬ್ಬಳೇ.