ಪೂರಕ ಮತ್ತು ಪರ್ಯಾಯ ಸಂವಹನ ಕುರಿತ ವೀಡಿಯೊಗಳು

ಪೂರಕ ಮತ್ತು ಪರ್ಯಾಯ ಸಂವಹನ ಕುರಿತ ವೀಡಿಯೊಗಳು ಎಂದರೆ, ಬಾಯಿಮಾತಿನಿಂದ ವ್ಯವಹರಿಸಲು ಸಾಧ್ಯವಾಗದವರು ಅಥವಾ ಮಾತು ಇತರರಿಗೆ ಸ್ಪಷ್ಟವಾಗದವರು ಬಳಸುವ ಸಂವಹನ ಸಾಧನಗಳನ್ನೂ ವಿಧಾನಗಳನ್ನೂ ಪರಿಚಯಿಸುವ, ಅಂತರಜಾಲದಲ್ಲಿ ದೊರೆಯುವ ಚಲನಚಿತ್ರಿಕೆಗಳು. ಸೆರೆಬ್ರಲ್ ಪಾಲ್ಸಿ, ಸ್ವಲೀನತೆ (ಆಟಿಸಂ), ಪಾರ್ಶ್ವವಾಯು, ಮೋಟಾರ್ ನ್ಯೂರಾನ್ ಕಾಯಿಲೆ ಮೊದಲಾದ ಸ್ಥಿತಿಗಳಿರುವವರು, ಅವರ ಕುಟುಂಬದವರು, ವಿಶೇಷ ಶಿಕ್ಷಕರು ಮತ್ತು ವಾಕ್ ಚಿಕಿತ್ಸಕರು ಇವುಗಳನ್ನು ಕಲಿಕೆಗಾಗಿ ಬಳಸುತ್ತಾರೆ. ಪೂರಕ ಮತ್ತು ಪರ್ಯಾಯ ಸಂವಹನವನ್ನು ಸಂಕ್ಷಿಪ್ತವಾಗಿ ಎಎಸಿ ಎಂದು ಕರೆಯಲಾಗುತ್ತದೆ.

ಹಿನ್ನೆಲೆ

ಚಾರ್ಲ್ಸ್ ಬ್ಲಿಸ್ ಅವರು ೧೯೪೯ರಲ್ಲಿ ಪ್ರಕಟಿಸಿದ ಚಿತ್ರಲಿಪಿಯನ್ನು ಕೆನಡಾದ ಟೊರಾಂಟೊ ನಗರದಲ್ಲಿ ೧೯೭೧ರಿಂದ ಮಾತು ಬಾರದ ಮಕ್ಕಳಿಗೆ ಕಲಿಸಲಾಯಿತು. ೧೯೮೩ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವಾದ ಐಸಾಕ್ ಸ್ಥಾಪನೆಯಾಯಿತು. ೧೯೮೫ರಲ್ಲಿ ಶ್ವಾಸನಾಳದ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ಮೊದಲು ಕೈಯ ಗುಂಡಿಯಿಂದಲೂ ಅನಂತರ ಕೆನ್ನೆಯ ಸ್ನಾಯುವಿನ ಚಲನೆಯಿಂದಲೂ ಗಣಕವನ್ನು ನಿಯಂತ್ರಿಸಿ, ಕೃತಕ ಧ್ವನಿಯ ಮೂಲಕ ಉಪನ್ಯಾಸ ನೀಡಿದರು. ಯಂತ್ರಧ್ವನಿಯ ಮೂಲಕ ಮಾತನಾಡುವುದನ್ನು ಜನಸಾಮಾನ್ಯರು ಹೆಚ್ಚಾಗಿ ಕಂಡದ್ದು ಅವರ ಉಪನ್ಯಾಸಗಳ ದೃಶ್ಯಗಳಲ್ಲಿಯೇ.

೨೦೦೫ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಇಂತಹ ದೃಶ್ಯಗಳನ್ನು ಯಾರು ಬೇಕಾದರೂ ಪ್ರಕಟಿಸುವಂತಾಯಿತು. ೨೦೦೯ರಲ್ಲಿ ಪ್ರೊಲೊಕ್ವೊ೨ಗೋ ಎಂಬ ಕಿರುತಂತ್ರಾಂಶವು (ಆ್ಯಪ್) ಮೊಬೈಲ್ ಸಾಧನಗಳಿಗೆ ಬಂದಿತು. ಭಾರತದಲ್ಲಿ ಚೆನ್ನೈನ ಅಜಿತ್ ನಾರಾಯಣನ್ ಅವರ ತಂಡ 'ಆವಾಜ್' ಎಂಬ ಸಂವಹನ ಸಾಧನವನ್ನು ರೂಪಿಸಿತು. ಪರಿಣತರ ಬಳಿ ಮಾತ್ರವಿದ್ದ ದುಬಾರಿ ಯಂತ್ರಗಳ ಕೆಲಸವನ್ನು ಟ್ಯಾಬ್ಲೆಟ್‌ಗಳು ಮಾಡತೊಡಗಿದಾಗ, ಅವುಗಳ ಬಳಕೆಯನ್ನು ಮನೆಯಲ್ಲಿಯೇ ಕಲಿಯಬೇಕಾದ ಅಗತ್ಯವೂ ಉಂಟಾಯಿತು.

ವೀಡಿಯೊಗಳ ಪ್ರಯೋಜನ

ಸಂವಹನ ಫಲಕವೊಂದನ್ನು ಕೊಂಡು ಮಗುವಿನ ಮುಂದಿಟ್ಟ ಮಾತ್ರಕ್ಕೆ ಮಗು ಅದನ್ನು ಬಳಸಲಾರದು. ಸುತ್ತಲಿನವರು ತಾವು ಮಾತನಾಡುವಾಗಲೇ ಫಲಕದ ಚಿತ್ರಗಳನ್ನು ಮುಟ್ಟಿ ತೋರಿಸುತ್ತಿರಬೇಕು. ಮಾತು ಬರುವ ಮಗು ಹೇಗೆ ಇತರರ ಮಾತನ್ನು ಕೇಳಿ ಕಲಿಯುತ್ತದೆಯೋ ಹಾಗೆಯೇ ಈ ಮಗುವೂ ನೋಡಿ ಕಲಿಯುತ್ತದೆ. ಯಾವಾಗ ಮುಟ್ಟಬೇಕು, ಮುಟ್ಟಿದ ಮೇಲೆ ಎಷ್ಟು ಹೊತ್ತು ಸುಮ್ಮನೆ ಕಾಯಬೇಕು, ಮಗುವಿನ ಸಣ್ಣ ಸನ್ನೆಯನ್ನು ಹೇಗೆ ಗಮನಿಸಬೇಕು ಎಂಬುದನ್ನು ಬರಹದಲ್ಲಿ ವಿವರಿಸುವುದು ಕಷ್ಟ. ಕೆಲವು ನಿಮಿಷಗಳ ದೃಶ್ಯದಲ್ಲಿ ತೋರಿಸುವುದು ಸುಲಭ.

ಈ ಸಾಧನಗಳನ್ನು ಬಳಸಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂಬ ಭಯ ಅನೇಕ ಪೋಷಕರಲ್ಲಿ ಇರುತ್ತದೆ. ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಅವರು ೨೦೦೬ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೃಢವಾದ ಆಧಾರವಿದ್ದ ಯಾವ ಪ್ರಕರಣದಲ್ಲಿಯೂ ಮಾತು ಕುಂಠಿತವಾದುದು ಕಂಡುಬರಲಿಲ್ಲ. ಹೆಚ್ಚಿನವರಲ್ಲಿ ಮಾತು ಸ್ವಲ್ಪಮಟ್ಟಿಗೆ ಸುಧಾರಿಸಿತ್ತು.

ಪ್ರಕಾರಗಳು

- ಬಳಕೆದಾರರ ಅನುಭವ: ಸಾಧನಗಳನ್ನು ಬಳಸುವವರೇ ತಮ್ಮ ಬದುಕನ್ನು ವಿವರಿಸುವವು. ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಮಾತು ಕಳೆದುಕೊಂಡ ಚಲನಚಿತ್ರ ವಿಮರ್ಶಕ ರೋಜರ್ ಎಬರ್ಟ್ ಅವರು ೨೦೧೧ರಲ್ಲಿ ಟೆಡ್ ವೇದಿಕೆಯಲ್ಲಿ ಗಣಕದ ಧ್ವನಿಯ ನೆರವಿನಿಂದ ನೀಡಿದ ಉಪನ್ಯಾಸ ಇದಕ್ಕೆ ನಿದರ್ಶನ.
- ತರಬೇತಿ: ಚಿತ್ರಫಲಕ, ಗುಂಡಿ, ಕಣ್ಣಿನ ನೋಟದಿಂದ ನಿಯಂತ್ರಿಸುವ ಸಾಧನ ಮೊದಲಾದವುಗಳ ಬಳಕೆಯನ್ನು ಕಲಿಸುವವು.
- ತಾಂತ್ರಿಕ ನೆರವು: ಕಿರುತಂತ್ರಾಂಶದಲ್ಲಿ ಹೊಸ ಪದ ಸೇರಿಸುವುದು, ಧ್ವನಿ ಬದಲಾಯಿಸುವುದು, ಪದಕೋಶದ ಪ್ರತಿಯನ್ನು ಕಾಪಿಡುವುದು ಮುಂತಾದವು.
- ಉಪನ್ಯಾಸ: ಸಂಶೋಧಕರು ಮತ್ತು ತಜ್ಞರು ನೀಡುವವು. ಕೃತಕ ಧ್ವನಿಗಳಿಗೆ ವೈಯಕ್ತಿಕ ಗುಣ ನೀಡುವ ಬಗ್ಗೆ ರೂಪಲ್ ಪಟೇಲ್ ಅವರು ನೀಡಿದ ಟೆಡ್ ಉಪನ್ಯಾಸ ಈ ಬಗೆಯದು.

ಹುಡುಕುವ ವಿಧಾನ

'ಸಹಾಯಕ ತಂತ್ರಜ್ಞಾನ' ಎಂಬ ಪದವು ಗಾಲಿಕುರ್ಚಿ, ಶ್ರವಣಯಂತ್ರಗಳನ್ನೂ ಒಳಗೊಳ್ಳುವುದರಿಂದ ಆ ಪದದಿಂದ ಹುಡುಕಿದರೆ ಸಂಬಂಧವಿಲ್ಲದ ಫಲಿತಾಂಶಗಳು ಬಹಳ ಬರುತ್ತವೆ. 'ಎಎಸಿ' ಎಂಬ ಸಂಕ್ಷೇಪವು ಧ್ವನಿಮುದ್ರಣದ ಒಂದು ಕಡತ ಸ್ವರೂಪದ ಹೆಸರೂ ಆಗಿರುವುದರಿಂದ ಅದನ್ನು ಒಂಟಿಯಾಗಿ ಬಳಸಿದರೂ ಗೊಂದಲವಾಗುತ್ತದೆ. ಸಂಕ್ಷೇಪದೊಂದಿಗೆ ಸಾಧನದ ಹೆಸರು, ಬಳಕೆದಾರರ ವಯಸ್ಸು ಅಥವಾ ಸ್ಥಿತಿ, ಭಾಷೆ ಇವುಗಳಲ್ಲಿ ಒಂದನ್ನಾದರೂ ಸೇರಿಸಿದಾಗ ಫಲಿತಾಂಶ ನಿಖರವಾಗುತ್ತದೆ. ಕಿರುತಂತ್ರಾಂಶದ ರೂಪ ಆಗಾಗ ಬದಲಾಗುವುದರಿಂದ ವೀಡಿಯೊ ಪ್ರಕಟವಾದ ದಿನಾಂಕವನ್ನು ಗಮನಿಸುವುದು ಅವಶ್ಯ. ಪ್ರತಿವರ್ಷ ಅಕ್ಟೋಬರ್ ತಿಂಗಳನ್ನು ಈ ಸಂವಹನದ ಅರಿವಿನ ಮಾಸವಾಗಿ ಆಚರಿಸಲಾಗುತ್ತದೆ.

ವಿಶ್ವಾಸಾರ್ಹತೆ

ಮನಕಲಕುವ ದೃಶ್ಯಗಳೆಲ್ಲವೂ ನಂಬತಕ್ಕವಲ್ಲ. 'ಸುಗಮಗೊಳಿಸಿದ ಸಂವಹನ' ಎಂಬ ವಿಧಾನದಲ್ಲಿ ಸಹಾಯಕರು ವ್ಯಕ್ತಿಯ ಕೈ ಅಥವಾ ತೋಳನ್ನು ಹಿಡಿದು ಅಕ್ಷರಗಳನ್ನು ಒತ್ತಿಸುತ್ತಾರೆ. ಇಬ್ಬರಿಗೂ ಬೇರೆ ಬೇರೆ ಚಿತ್ರ ತೋರಿಸಿ ನಡೆಸಿದ ಪರೀಕ್ಷೆಗಳಲ್ಲಿ, ಬರೆಯಲ್ಪಟ್ಟದ್ದು ಸಹಾಯಕರು ಕಂಡ ಚಿತ್ರದ ಹೆಸರು ಎಂಬುದು ಬೆಳಕಿಗೆ ಬಂದಿತು. ಸಹಾಯಕರು ಮೋಸ ಮಾಡುವ ಉದ್ದೇಶವಿಲ್ಲದೆ, ತಮಗೇ ಅರಿವಿಲ್ಲದಂತೆ ಕೈಯನ್ನು ನಡೆಸುತ್ತಿದ್ದರು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘವಾದ ಆಶಾ, ಈ ವಿಧಾನವನ್ನು ಬಳಸಬಾರದೆಂದು ೨೦೧೮ರಲ್ಲಿ ಪ್ರಕಟಿಸಿತು. ಸಹಾಯಕರೇ ಅಕ್ಷರಫಲಕ ಹಿಡಿದು ಪ್ರೇರೇಪಿಸುವ 'ಕ್ಷಿಪ್ರ ಪ್ರೇರಣಾ ವಿಧಾನ'ವನ್ನೂ ಅದು ಶಿಫಾರಸು ಮಾಡುವುದಿಲ್ಲ. ಇಂತಹ ವಿಧಾನಗಳಲ್ಲಿ ವ್ಯಕ್ತಿಯ ಸ್ವಂತ ಅಭಿಪ್ರಾಯದ ಸ್ಥಾನದಲ್ಲಿ ಇನ್ನೊಬ್ಬರ ಮಾತು ನಿಲ್ಲುವ ಅಪಾಯವಿದೆ.

ಆದ್ದರಿಂದ ವೀಡಿಯೊ ನೋಡುವಾಗ, ಸಂದೇಶವನ್ನು ಆಯ್ಕೆ ಮಾಡುತ್ತಿರುವವರು ಯಾರು, ಅವರ ದೃಷ್ಟಿ ಫಲಕದ ಮೇಲಿದೆಯೇ, ಫಲಕವು ಸ್ಥಿರವಾಗಿದೆಯೇ, ಪ್ರಕಟಿಸಿದವರು ಮಾರಾಟಗಾರರೇ ಎಂಬುದನ್ನು ಪರಿಶೀಲಿಸುವುದು ಸೂಕ್ತ. ಸಾಧನದ ಆಯ್ಕೆಗೆ ವೀಡಿಯೊ ಮಾರ್ಗದರ್ಶಿಯಾಗಬಹುದು; ವಾಕ್ ಚಿಕಿತ್ಸಕರು ನಡೆಸುವ ವೈಯಕ್ತಿಕ ಪರೀಕ್ಷೆಗೆ ಅದು ಬದಲಿಯಲ್ಲ.

ಹಂಚಿಕೆ ಮತ್ತು ಪರವಾನಗಿ

ವೀಡಿಯೊದ ಕೊಂಡಿಯನ್ನು ಇತರರಿಗೆ ಕಳುಹಿಸುವುದು ಬೇರೆ, ಅದನ್ನು ಇಳಿಸಿಕೊಂಡು ಮತ್ತೆ ಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಅನುಮತಿ ಬೇಕು. ೨೦೧೧ರಿಂದ ಯೂಟ್ಯೂಬ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಆಯ್ಕೆ ಇದ್ದು, ಆ ಪರವಾನಗಿಯ ವೀಡಿಯೊಗಳನ್ನು ಮೂಲಕರ್ತೃವಿನ ಹೆಸರು ಉಲ್ಲೇಖಿಸಿ ಮರುಬಳಸಬಹುದು. ಚಿತ್ರಸಂಕೇತಗಳಿಗೂ ಹಕ್ಕುಸ್ವಾಮ್ಯವಿರುತ್ತದೆ. ಸ್ಪೇನ್ ದೇಶದ ಆರಗಾನ್ ಪ್ರಾಂತ್ಯದ ಸರ್ಕಾರ ಒದಗಿಸುವ ಅರಸಾಕ್ ಸಂಕೇತಗಳನ್ನು ವಾಣಿಜ್ಯೇತರ ಉದ್ದೇಶಕ್ಕೆ ಮುಕ್ತವಾಗಿ ಬಳಸಬಹುದು.

ಅಡಿಬರಹವಿದ್ದರೆ ಕಿವುಡರಿಗೂ ವೀಡಿಯೊ ಉಪಯುಕ್ತವಾಗುತ್ತದೆ. ಅಸ್ಪಷ್ಟ ಉಚ್ಚಾರಣೆಯನ್ನು ಯಂತ್ರವು ತಪ್ಪಾಗಿ ಗ್ರಹಿಸುವುದರಿಂದ ಸ್ವಯಂಚಾಲಿತ ಅಡಿಬರಹವನ್ನು ತಿದ್ದುವುದು ಅಗತ್ಯ. ಪರದೆಯ ಮೇಲಿನ ಚಿತ್ರಗಳನ್ನು ಮಾತಿನಲ್ಲಿಯೂ ಹೇಳಿದರೆ ದೃಷ್ಟಿಹೀನರಿಗೆ ಅನುಕೂಲ.

ಒಪ್ಪಿಗೆ ಮತ್ತು ಖಾಸಗಿತನ

ಮಾತನಾಡಲಾರದ ವ್ಯಕ್ತಿ ಬೇಡವೆಂದು ಹೇಳಲು ಸಾಧನವನ್ನೇ ಅವಲಂಬಿಸಿರುತ್ತಾರೆ. ಆದಕಾರಣ ಚಿತ್ರೀಕರಣಕ್ಕೆ ಮುನ್ನ 'ಬೇಡ', 'ನಿಲ್ಲಿಸಿ' ಎಂಬ ಪದಗಳು ಫಲಕದಲ್ಲಿ ಇರಬೇಕು ಮತ್ತು ಆ ಉತ್ತರವನ್ನು ಗೌರವಿಸಬೇಕು. ಸ್ನಾನ, ಶೌಚ, ಅಳು, ಹಟದ ಸಂದರ್ಭಗಳ ದೃಶ್ಯಗಳನ್ನು ಪ್ರಕಟಿಸುವುದು ವ್ಯಕ್ತಿಯ ಘನತೆಗೆ ಕುಂದು ತರುತ್ತದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಂಸ್ಥೆಗಳು ೧೮ ವರ್ಷದೊಳಗಿನವರ ದತ್ತಾಂಶ ಬಳಸುವ ಮುನ್ನ ಪೋಷಕರ ಒಪ್ಪಿಗೆ ಪಡೆಯಬೇಕೆಂದು ವಿಧಿಸುತ್ತದೆ.

ಕನ್ನಡ ಮತ್ತು ಕರ್ನಾಟಕ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಸ್ಥಾಪನೆ ೧೯೬೫) ಹಾಗೂ ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಈ ಕ್ಷೇತ್ರಕ್ಕೆ ಸಂಬಂಧಿಸಿದ ಸೇವೆ ನೀಡುವ ಸಂಸ್ಥೆಗಳಾಗಿವೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 'ಸಂವಹನ' ಎಂಬ ಪದದ ವ್ಯಾಖ್ಯೆಯಲ್ಲಿ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಿದೆ.

ಇಂಗ್ಲಿಷ್ ವೀಡಿಯೊಗಳಲ್ಲಿನ ಪಾಠವನ್ನು ಕನ್ನಡಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಇಂಗ್ಲಿಷ್ ಫಲಕದಲ್ಲಿ ಕ್ರಿಯಾಪದವು ಕರ್ತೃವಿನ ಬಳಿಯಲ್ಲಿಯೇ ಬರುತ್ತದೆ. 'ನನಗೆ ನೀರು ಬೇಕು' ಎಂಬ ಕನ್ನಡ ವಾಕ್ಯದಲ್ಲಿ 'ಬೇಕು' ಕೊನೆಯ ಪದ, ಮತ್ತು 'ನಾನು' ಎಂಬುದು ಚತುರ್ಥಿ ವಿಭಕ್ತಿಯಲ್ಲಿ 'ನನಗೆ' ಆಗುತ್ತದೆ. ಹಿರಿಯರನ್ನು 'ನೀವು' ಎಂದೂ ಓರಗೆಯವರನ್ನು 'ನೀನು' ಎಂದೂ ಕರೆಯುವ ಆಯ್ಕೆ ಫಲಕದಲ್ಲಿ ಇರಬೇಕಾಗುತ್ತದೆ. ಅಜ್ಜಿ, ಚಿಕ್ಕಪ್ಪ, ಮುದ್ದೆ, ಚಪಾತಿ, ಹಬ್ಬ ಮೊದಲಾದ ಮನೆಮಾತಿನ ಪದಗಳನ್ನು ಕುಟುಂಬದವರೇ ಸೇರಿಸಬೇಕಾಗುತ್ತದೆ. ಕನ್ನಡ ಮನೆಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸುವ ವೀಡಿಯೊಗಳು ಭಾಷಾಂತರಿತ ಪಾಠಗಳಿಗಿಂತ ಪೋಷಕರಿಗೆ ಹೆಚ್ಚು ನೆರವಾಗುತ್ತವೆ.